ಮೂಡಣ ಗೋಡೆ ಬೀಳಲಿಲ್ಲ

ಆ ಊರಿನಲ್ಲಿ ಗೋಡೆ ಹತ್ತಿದ ಗಂಡಸು ಮತ್ತೆ ಊರಿನ ಕಡೆ ಮುಖ ಮಾಡುವಂತಿರಲಿಲ್ಲ.

ಊರಿನ ಮೂಡಣಕ್ಕೆ ಬಯಲು, ಬಯಲಿನ ಈಚೆ ಗೋಡೆ. ಬಡಗಣದ ಕಲ್ಲುಗುಡ್ಡದಿಂದ ತೆಂಕಣದ ಜವುಗಿನವರೆಗೆ ಒಂದೇ ಉಸಿರಿನಲ್ಲಿ ಎಳೆದ ಗೆರೆಯ ಹಾಗೆ ಅದು ನಿಂತಿತ್ತು. ಗೋಡೆಯ ನೆತ್ತಿಯಲ್ಲಿ ಹಲ್ಲಿನ ಸಾಲಿನಂಥ ಕಲ್ಲಿನ ತೆನೆಗಳು, ತೆನೆಗೊಬ್ಬ ಕಾವಲಿನವನು. ಕೈಯಲ್ಲಿ ಬಿಲ್ಲು, ಕಣ್ಣು ಬಯಲಿನ ಮೇಲೆ, ಬೆನ್ನು ಊರಿಗೆ. ಉಣ್ಣುವಾಗಲೂ ಬೆನ್ನು ಊರಿಗೆ, ಮಲಗುವಾಗಲೂ ಬೆನ್ನು ಊರಿಗೆ. ಊರಿನಲ್ಲಿ ಮದುವೆಯ ವಾಲಗ ಊದಲಿ, ಸಾವಿನ ಹಲಗೆ ಬಡಿಯಲಿ, ಬೆನ್ನು ಊರಿಗೆ. ಮೂಡಣದಿಂದ ಬಂದವರ ಹೆಸರು ಕೇಳದೆ ಬಾಣ ಬಿಡಬೇಕು. ಪಡುವಣದಿಂದ ಕೂಗಿದವರಿಗೆ ಕಿವಿ ಕೊಡಬಹುದು, ಮುಖ ಕೊಡಬಾರದು. ಇಷ್ಟೇ ಕಟ್ಟಳೆ.

ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ, ಗೋಡೆ ಇನ್ನೂ ಎದೆಯೆತ್ತರ ಇದ್ದಾಗ, ಮೂಡಣದಿಂದ ದಂಡು ಬಂದಿತ್ತು. ಬೆಂಕಿಯ ಬಾಣಗಳು ಗೋಡೆ ದಾಟಿ ಮನೆಗಳ ಮೇಲೆ ಬಿದ್ದವು. ಮನೆಯವರ ಚೀರಾಟ ಕೇಳಿ ಗೋಡೆಯ ಮೇಲಿದ್ದವರು ತಿರುಗಿ ನೋಡಿದರು. ಅವರು ತಿರುಗಿದ ಆ ಗಳಿಗೆಯಲ್ಲೇ ದಂಡು ಗೋಡೆ ಹತ್ತಿತು. ಉಳಿದವರು ಬೂದಿಯ ನಡುವೆ ಕೂತು ಅತ್ತರು. ಅತ್ತು ಮುಗಿದ ಮೇಲೆ ಕಟ್ಟಳೆ ಮಾಡಿದರು, ಗೋಡೆ ಎತ್ತರಿಸಿದರು. ಮರುವರ್ಷ ಇನ್ನಷ್ಟು ಎತ್ತರಿಸಿದರು. ಬರಬರುತ್ತ ಎತ್ತರಿಸುವುದು ಅಭ್ಯಾಸವಾಯಿತು.

ಕಾವಲಿನವರಿಗೆ ದಿನಾ ಬುತ್ತಿ ಹೊರುವ ಹೆಂಗಸರಿದ್ದರು. ಯಾರ ಗಂಡನೋ ಅವರೇ ಹೊರಬೇಕು. ಅವರಲ್ಲಿ ಒಬ್ಬಳು ಬುತ್ತಿಯವಳ ಬಾಯಿ ದೊಡ್ಡದು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಮದುವೆಯಾದ ಹೊಸತರಲ್ಲೇ, ಮೈಯ ಅರಿಸಿನ ಆರುವ ಮೊದಲೇ, ಅವಳ ಗಂಡನಿಗೆ ಗೋಡೆಯ ಕರೆ ಬಂದಿತ್ತು. ಹತ್ತಿ ಹೋದವನು ಹೋದನೇ. ಮಗಳು ಹುಟ್ಟಿದ್ದನ್ನು ಅವಳು ಅವನ ಬೆನ್ನಿಗೆ ಹೇಳಿದಳು. ಮಗಳಿಗೆ ಹಲ್ಲು ಬಂದದ್ದನ್ನು, ಅತ್ತೆ ಸತ್ತದ್ದನ್ನು, ಎಮ್ಮೆ ಈದದ್ದನ್ನು ಬೆನ್ನಿಗೆ ಹೇಳಿದಳು. ಗಂಡನ ಬೆನ್ನಿನ ಮೇಲೆ ಎಲ್ಲೆಲ್ಲಿ ಮಚ್ಚೆಗಳಿವೆ ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು. ಅವನ ಮೂಗು ಹೇಗಿತ್ತು ಎಂದರೆ ಮಾತ್ರ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು.

"ಇವತ್ತ ಝುಣಕ ಮಾಡೇನಿ. ಉಪ್ಪ ಹೆಚ್ಚಾಗೇತೇನು ನೋಡ್ರಿ."

"ಚಲೋ ಆಗೇತಿ," ಎನ್ನುತ್ತಿತ್ತು ಬೆನ್ನು.

"ಮಗಳು ನಿಮ್ಮ ಭುಜಕ್ಕ ಬಂದಾಳ."

"ಹೌದೇನು?"

"ಹೌದೇನು ಅಂತ ನನ್ನ ಕೇಳ್ತೀರಿ? ಇಲ್ಲೇ ನಿಮ್ಮ ಹಿಂದ ನಿಂತಾಳ."

"ಗೊತ್ತೈತಿ. ಬಳಿ ಸಪ್ಪಳ ಕೇಳತು."

ಬುತ್ತಿಯವಳು ಹಣೆ ಗಟ್ಟಿಸಿಕೊಂಡು, ಖಾಲಿ ಬುತ್ತಿ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಮಗಳು ಹಿಂದೆ ಬರುತ್ತಿದ್ದಳು. ಸಾಲಾಗಿ ನಿಂತ ಅಷ್ಟು ಬೆನ್ನುಗಳಲ್ಲಿ ತನ್ನ ಅಪ್ಪನ ಬೆನ್ನು ಯಾವುದೆಂದು ಅವಳು ಕೂಸಾಗಿದ್ದಾಗಿನಿಂದಲೂ ತಪ್ಪದೆ ಬೆರಳು ಮಾಡಿ ತೋರಿಸುತ್ತಿದ್ದಳು. ಅದನ್ನು ನೋಡಿ ಊರಿನ ಹೆಂಗಸರು ಜಾಣೆ ಎನ್ನುತ್ತಿದ್ದರು. ತಾಯಿ ಆ ಬೆರಳನ್ನು ಹಿಡಿದು ಕೆಳಗಿಳಿಸುತ್ತಿದ್ದಳು.

ಹೀಗಿರುವಾಗ ಒಂದು ಬೇಸಿಗೆಯ ಕೊನೆಗೆ ಮೂಡಣದ ಬಯಲಿನಲ್ಲಿ ಧೂಳೆದ್ದಿತು. ದಂಡು ಬಂತು.

ಊರಿಗೆ ಹೆದರಿಕೆಯಾಗಬೇಕಿತ್ತು. ಆದರೆ ಊರಿಗೆ ಹಬ್ಬವಾಯಿತು. ಇಷ್ಟು ವರ್ಷ ಕಲ್ಲು ಹೊತ್ತದ್ದು ದಂಡವಾಗಲಿಲ್ಲವಲ್ಲ! ಮನೆಮನೆಯಲ್ಲಿ ಹೋಳಿಗೆ ತಟ್ಟಿದರು. ದಂಡು ಬಾಣಕ್ಕೆ ಸಿಗದಷ್ಟು ದೂರದಲ್ಲಿ ನಿಂತು ಗೋಡೆಯನ್ನು ನೋಡಿತು. ಬಡಗಣದಿಂದ ತೆಂಕಣಕ್ಕೆ ಕಣ್ಣು ಹಾಯಿಸಿತು, ತೆಂಕಣದಿಂದ ಬಡಗಣಕ್ಕೆ ಹಾಯಿಸಿತು. ಆಮೇಲೆ ಡೇರೆ ಹೊಡೆದು, ಒಲೆ ಹೂಡಿ, ಅನ್ನಕ್ಕಿಟ್ಟಿತು. "ನೋಡಿದ್ರ್ಯಾ, ಕೈಕಾಲು ಆಡವಲ್ವು ಅವರಿಗೆ," ಎಂದರು ಊರಿನವರು.

ಬುತ್ತಿಯವಳು ಬಿಡುವಿದ್ದಾಗ ಜವುಗಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದಳು. ಒಂದು ಬೆಳಿಗ್ಗೆ ಜೊಂಡಿಗೆ ಹೋದಾಗ ಅಲ್ಲಿ ಆಗಲೇ ಯಾರೋ ಜೊಂಡು ಕೊಯ್ಯುತ್ತಿದ್ದರು. ಮೊಣಕಾಲವರೆಗೆ ಕೆಸರಾದ ಗಂಡಸರು, ಸೊಂಟಕ್ಕೆ ಕತ್ತಿ. ಕೊಯ್ದ ಜೊಂಡನ್ನು ಕಂತೆ ಕಟ್ಟಿ, ಕೆಸರಿನ ಮೇಲೆ ಒಂದರ ಪಕ್ಕ ಒಂದು ಹಾಸುತ್ತಿದ್ದರು. ಅವರಲ್ಲೊಬ್ಬ ನಡು ನೆಟ್ಟಗೆ ಮಾಡಿಕೊಂಡು ಅವಳನ್ನು ಕಂಡು ಕೈಯೆತ್ತಿದ.

"ತಾಯಿ, ಆ ಹಿಪ್ಪೆಗಿಡದ ಹತ್ತಿರ ಕೆಸರು ಆಳವೋ?"

"ಯಾಕ?"

"ನಿಮ್ಮ ಊರಿಗೆ ಬರಬೇಕಿತ್ತು."

"ಈ ಕಡಿಂದ ಯಾಕ ಬರ್ತೀರಿ? ದಂಡು ಬರೂದು ಆ ಕಡಿಂದ."

"ಆ ಕಡೆ ಗೋಡೆ ಇದೆಯಲ್ಲ ತಾಯಿ," ಎಂದ ಅವನು, ಕೂಸಿಗೆ ಹೇಳುವ ಹಾಗೆ ಮೆತ್ತಗೆ.

ಅವಳು ಕುಡುಗೋಲು ಅಲ್ಲೇ ಬಿಸಾಕಿ ಚಾವಡಿಗೆ ಓಡಿದಳು. ಊರ ಹಿರಿಯ ಅಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಗೋಡೆಯ ಮೇಲೆ ಇನ್ನೊಂದು ವರಸೆ ಕಲ್ಲು ಇಡುವ ಮಾತಾಡುತ್ತಿದ್ದ. ಬಿಳಿ ಮೀಸೆಯ, ಸಾವಧಾನದ ಮನುಷ್ಯ. ಯಾರ ಮೇಲೂ ರೇಗಿದವನಲ್ಲ. ಅದೇ ಅವನ ದೊಡ್ಡ ತೊಂದರೆ ಎಂದು ಬುತ್ತಿಯವಳಿಗೆ ಯಾವಾಗಲೂ ಅನ್ನಿಸುತ್ತಿತ್ತು.

"ಹಿರ್ಯಾರ, ಜವುಗಿನ್ಯಾಗ ದಾರಿ ಹಾಕಾಕತ್ತಾರ್ರಿ!"

"ಯಾರವ್ವಾ?"

"ಇನ್ಯಾರ್ರಿ, ವೈರಿಗಳು."

"ಜವುಗು ದಾಟಾಕ ಮನಶ್ಯಾರಿಗಿ ಆಗಂಗಿಲ್ಲ, ತಂಗಿ."

"ಆಗಂಗಿಲ್ಲ? ನಿಮ್ಮ ಮಗಳನ್ನ ಜವುಗಿನ ಆಚಿ ಊರಿಗಿ ಕೊಟ್ಟೀರಿ. ಮೊನ್ನೆ ಆಕಿ ಬಸುರಿನ ಕುಬಸಕ್ಕ ಹೋಗಿ ಬಂದ್ರೆಲ್ಲ, ಹ್ಯಾಂಗ ಹೋದ್ರಿ? ಹಾರಿ ಹೋದ್ರ್ಯಾ?"

ಕೂತಿದ್ದವರು ನೆಲ ನೋಡಿದರು. ಅವರಲ್ಲಿ ಜವುಗು ದಾಟದವರು ಯಾರೂ ಇರಲಿಲ್ಲ. ಉಪ್ಪು ತರಲು, ಎತ್ತು ಮಾರಲು, ಬೀಗರ ಮನೆಯ ಊಟಕ್ಕೆ, ಊರೆಲ್ಲ ಓಡಾಡುತ್ತಿದ್ದದ್ದೇ ಜವುಗಿನ ಮೇಲೆ. ಹಿರಿಯ ಮಾತ್ರ ನಗುಮುಖದಲ್ಲೇ ಇದ್ದ.

"ನಾ ಹೋಗಿದ್ದು ಬೀಗರ ಮನಿಗವ್ವಾ. ದಂಡು ಬೀಗರ ಮನಿಗಿ ಹೊಂಟೈತೇನು? ದಂಡು ಬರೂದು ಮೂಡಣದಿಂದ. ಹಿಂದ ಬಂದಿದ್ದೂ ಮೂಡಣದಿಂದನ."

"ಹಿಂದ ಬಂದಾಗ ಗೋಡಿ ಎದಿಮಟ ಇತ್ರಿ! ಈಗ ಮುಗಿಲಮಟ ಮಾಡೀರಿ, ಅದಕ್ಕ ಅವರು ಸುತ್ತ ಹಾಕಿ ಬರಾಕತ್ತಾರ. ನಾಕ ಮಂದೀನರ ಕೆಳಗ ಇಳಿಸಿ ಜವುಗಿನ ಕಡೆ ಕಳಸ್ರಿ."

"ಹ್ಯಾಂಗ ಇಳಸೂದು? ಮೆಟ್ಟಲ ಊರ ಕಡೆ ಅದಾವು. ಇಳೀಬೇಕಂದ್ರ ತಿರಗಬೇಕು. ತಿರಗಿದ್ರ ಕಟ್ಟಳಿ ಮುರೀತೈತಿ."

"ಹಂಗಾರ ಹಿಮ್ಮುಖ ಇಳೀಲಿ!"

ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೆ ಚಾವಡಿ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಿತು. ಹಿಮ್ಮುಖ ಇಳಿದರೆ ಕಟ್ಟಳೆ ಮುರಿಯುತ್ತದೆಯೋ ಇಲ್ಲವೋ? ಅಂದಿನಿಂದ ದಿನಾ ಸಭೆ. ಇಳಿಯುವಾಗ ಎಡವಿ ಅಂಗಾತ ಬಿದ್ದರೆ ಮುಖ ಯಾವ ದಿಕ್ಕಿಗಿದ್ದ ಹಾಗೆ ಎಂದು ಒಬ್ಬ ಕೇಳಿದ. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಮೊದಲ ಮಳೆ ಬಿತ್ತು. ಇನ್ನೊಬ್ಬ, ಜವುಗು ತೆಂಕಣಕ್ಕಿದೆ, ಹಿಮ್ಮುಖವಾಗಿ ತೆಂಕಣಕ್ಕೆ ನಡೆದವನ ಮುಖ ಬಡಗಣಕ್ಕಾಗುತ್ತದೆ, ಆಗ ಅವನ ಎಡಗಣ್ಣಿಗೆ ಊರು ಬೀಳುತ್ತದೆ ಎಂದ. ಎಡಗಣ್ಣಿಗೆ ಬಟ್ಟೆ ಕಟ್ಟಬಹುದೇ ಎಂಬ ಮಾತು ಬಂತು. ಒಕ್ಕಣ್ಣಿನವನು ಕಾವಲಿಗೆ ಆಗುತ್ತಾನೆಯೇ ಎಂಬ ಮಾತು ಅದರ ಬೆನ್ನಿಗೇ ಬಂತು. ಮಳೆ ಜೋರಾಯಿತು.

ಬುತ್ತಿಯವಳು ದಿನಾ ಚಾವಡಿಗೆ ಹೋಗಿ ನಿಂತಳು. ದಾರಿ ಹಿಪ್ಪೆಗಿಡಕ್ಕೆ ಬಂತು ಎಂದಳು. "ಕೇಳೀವಿ, ಕುಂಡ್ರವ್ವಾ," ಎಂದರು. ಹಿಪ್ಪೆಗಿಡ ದಾಟಿತು ಎಂದಳು. "ಅದೇ ಮಾತಾಡಾಕತ್ತೀವಿ," ಎಂದರು. ಮಳೆಯ ನೀರಿಗೆ ಜೊಂಡಿನ ದಾರಿ ಮುಳುಗಿತು, ವೈರಿಗಳಲ್ಲಿ ಅರ್ಧ ಮಂದಿ ಚಳಿಜ್ವರ ಹಿಡಿದು ಮಲಗಿದ್ದಾರೆ, ಈಗ ಹೋದರೆ ಒನಕೆ ಹಿಡಿದ ಹೆಂಗಸರೂ ಓಡಿಸಬಹುದು ಎಂದಳು. ಚಾವಡಿಯವರಿಗೆ ಬಹಳ ಸಂತೋಷವಾಯಿತು. "ಮತ್ತ? ದಾಟಾಕ ಆಗಂಗಿಲ್ಲ ಅಂತ ನಾವು ಮೊದಲ ಹೇಳಿದ್ವಿಲ್ಲ!"

ಅವಳು ಗೋಡೆಯ ಮೇಲೆ ಹೋಗಿ, ನೆನೆದ ಸೆರಗು ಹಿಂಡಿ, ಗಂಡನ ಬೆನ್ನಿನ ಹಿಂದೆ ಕೂತಳು. ಬುತ್ತಿ ಬಿಚ್ಚಲಿಲ್ಲ.

"ನೀವರ ಇಳೀರಿ. ಅವರ ಸಭಾ ಮುಗಿಯೂದಿಲ್ಲ. ತಿರುಗಿ ನಾಕ ಹೆಜ್ಜಿ ಹಾಕಿದ್ರ ಮೆಟ್ಟಲ. ಯಾರ ಸಾಯ್ತಾರ ಅದಕ್ಕ?"

ಮಳೆಯ ನೀರು ಅವನ ಬೆನ್ನುಹುರಿಯಗುಂಟ ಇಳಿಯುತ್ತಿತ್ತು.

"ನಮ್ಮಪ್ಪ ತಿರುಗಿ ನೋಡಿದ," ಎಂದ ಅವನು. "ಆ ದಂಡು ಬಂದಾಗ. ಯಾರನ್ನ ನೋಡಾಕ ತಿರುಗಿದ, ಗೊತ್ತೇನು? ನನ್ನ. ತೊಟ್ಟಿಲದಾಗ ಇದ್ದೆ. ಮನಿಗಿ ಬೆಂಕಿ ಹತ್ತಿತ್ತು, ನನ್ನ ಅಳೂ ದನಿ ಕೇಳತು. ಅಂವ ನಿಂತ ತೆನಿ ದಾಟೇ ದಂಡು ಒಳಗ ಬಂತು. ನಾ ಬದುಕಿದೆ. ಊರು ಸುಟ್ಟಿತು. ನಮ್ಮವ್ವ ನಾ ಉಣ್ಣೂವಾಗೆಲ್ಲಾ ನನ್ನ ಮುಖ ನೋಡಿ ಅಳತಿದ್ಲು. ಯಾಕ ಅಂತ ದೊಡ್ಡಾಂವ ಆದಮ್ಯಾಲ ತಿಳೀತು. ನನಗ ತಿರಗು ಅನಬ್ಯಾಡ."

ಅದನ್ನು ಕೇಳಿಯೂ ಅವಳ ಸಿಟ್ಟು ಕಡಿಮೆಯಾಗಲಿಲ್ಲ, ಇಳಿಸಲು ಜಾಗ ಸಿಗದೆ ಇನ್ನೂ ಹೆಚ್ಚಾಯಿತು. ಬುತ್ತಿಯನ್ನು ಅವನ ಪಕ್ಕಕ್ಕೆ ತಳ್ಳಿ ಎದ್ದು ಬಂದಳು.

ಗೋಡೆಯ ತಪ್ಪು ಏನೂ ಇರಲಿಲ್ಲ. ಅದು ತನ್ನ ಕೆಲಸ ಮಾಡಿತ್ತು. ದಂಡನ್ನು ಹೆದರಿಸಿ, ಬಳಸುದಾರಿಗೆ ಅಟ್ಟಿ, ಕೆಸರಿನಲ್ಲಿ ಹೂತು, ಊರಿಗೆ ಇಡೀ ಒಂದು ಮಳೆಗಾಲವನ್ನು ಗಳಿಸಿ ಕೊಟ್ಟಿತ್ತು. ಆ ಮಳೆಗಾಲವನ್ನು ಊರು ಚಾವಡಿಯಲ್ಲಿ ಎಲೆಯಡಿಕೆ ಜಗಿಯುತ್ತ ಉಗಿದು ಮುಗಿಸಿತು.

ಮಳೆ ನಿಂತು, ಜೊಂಡಿನ ಮೇಲೆ ಬಿಸಿಲು ಬಿದ್ದ ಒಂದು ಮುಂಜಾನೆ, ವೈರಿಗಳು ಊರಿಗೆ ಬಂದರು. ಕೂಗಾಟವಿಲ್ಲ, ಕಹಳೆಯಿಲ್ಲ. ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಜ್ವರದಿಂದ ಎದ್ದ ಮುಖಗಳನ್ನು ಹೊತ್ತುಕೊಂಡು ಬಂದು, ಬಾವಿಕಟ್ಟೆಯ ಮೇಲೆ ಕೂತು ಕಾಲು ತೊಳೆದರು. ನೀರು ಸೇದುತ್ತಿದ್ದ ಹೆಂಗಸರು ಕೊಡ ಹಿಡಿದುಕೊಂಡು ನಿಂತರು. ದಂಡಿನ ನಾಯಕ ಕತ್ತಿ ಹಿರಿದು ಸುತ್ತ ನೋಡಿದ. ಮುದುಕರು, ಕೂಸುಗಳು, ಕೋಳಿಗಳು.

"ಇಲ್ಲಿ ಯುದ್ಧ ಮಾಡುವವರು ಯಾರು?"

"ಎಲ್ಲಾರೂ ಗೋಡಿ ಮ್ಯಾಲ ಅದಾರ," ಎಂದಳು ಬುತ್ತಿಯವಳು. "ನಿಮ್ಮ ದಾರಿ ಕಾಯಾಕತ್ತಾರ."

"ನಾವು ಇಲ್ಲಿದ್ದೇವಲ್ಲ?"

"ಅದನ್ನ ನಾನೂ ಹೇಳಿದೆ."

ನಾಯಕ ಗೋಡೆಯ ಬುಡಕ್ಕೆ ಹೋಗಿ, ಊರು ನಮ್ಮ ಕೈಸೇರಿದೆ, ಬಿಲ್ಲು ಕೆಳಗಿಟ್ಟು ತಿರುಗಿ ಎಂದು ಕೂಗಿದ. ಒಬ್ಬನೂ ತಿರುಗಲಿಲ್ಲ. ಮತ್ತೆ ಕೂಗಿದ. ಉದ್ದಕ್ಕೂ ಬೆನ್ನುಗಳು. ಅವನ ಭಟನೊಬ್ಬ ಬಾಣ ಹೂಡಿದಾಗ ನಾಯಕನೇ ಅವನ ಕೈ ತಗ್ಗಿಸಿದ. ಬೆನ್ನಿಗೆ ಬಾಣ ಬಿಟ್ಟವನಿಗೆ ಅವರ ನಾಡಿನಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲವಂತೆ. ನಾಯಕ ಮೆಟ್ಟಿಲ ಮೇಲೆ ಕೂತು ತಲೆ ಕೆರೆದುಕೊಂಡ. ಆ ಒಂದು ಗಳಿಗೆ ಬುತ್ತಿಯವಳಿಗೆ ಅವನ ಮೇಲೆ ಕನಿಕರವೇ ಬಂತು.

ಹಾಗೆ ಊರು ಸೋತಿತು, ಗೋಡೆ ಸೋಲಲಿಲ್ಲ. ನಾಯಕ ಚಾವಡಿಯಲ್ಲಿ ಬಿಡಾರ ಮಾಡಿದ. ಹಿರಿಯ ಅವನಿಗೆ ಎಲೆಯಡಿಕೆ ಮಡಿಸಿ ಕೊಟ್ಟ. ವೈರಿಗಳು ಕಣಜ ಬಿಚ್ಚಿದರು, ಎಮ್ಮೆ ಹಿಂಡಿಕೊಂಡರು, ಜಗುಲಿಗಳ ಮೇಲೆ ಮಲಗಿದರು. ಬುತ್ತಿ ಹೊರುವುದು ಮಾತ್ರ ನಿಲ್ಲಲಿಲ್ಲ. "ನಿಲ್ಲಲಿ ಬಿಡಿ ಅವರು," ಎಂದ ನಾಯಕ. "ಮೂಡಣದಿಂದ ಬೇರೆ ಯಾರಾದರೂ ಬಂದರೆ ನಮಗೂ ಕಾವಲು ಬೇಕಲ್ಲ."

ಬುತ್ತಿಯವಳು ಇದನ್ನೂ ಬೆನ್ನಿಗೆ ಹೇಳಿದಳು.

"ಅವರು ನಮ್ಮ ಮನಿ ಪಡಸಾಲ್ಯಾಗ ಅದಾರ. ನಿಮ್ಮ ಅಪ್ಪನ ಕಂಬಳಿ ಹೊತ್ತು ಮಲಗ್ಯಾರ. ಅವರು ಉಂಡು ಬಿಟ್ಟ ಹಿಟ್ಟಿನಾಗ ಈ ರೊಟ್ಟಿ ಮಾಡೇನಿ."

"ಗೋಡಿ ಬಿದ್ದೈತೇನು?"

"ಇಲ್ಲ."

"ನನ್ನ ತೆನಿ ದಾಟಿ ಯಾರರ ಬಂದಾರೇನು?"

"ಇಲ್ಲ, ಆದ್ರ—"

"ಮತ್ತ?" ಎಂದಿತು ಬೆನ್ನು. ಅದರಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ಅವಳಿಗೆ ಅದನ್ನು ಎರಡೂ ಕೈಯಿಂದ ಗುದ್ದಬೇಕೆನ್ನಿಸಿತು. ಗುದ್ದಿದಳು ಕೂಡ. ಅವನು ಸ್ವಲ್ಪ ಮುಂದಕ್ಕೆ ಬಾಗಿ, ಮತ್ತೆ ನೆಟ್ಟಗೆ ನಿಂತ.

ಸುಗ್ಗಿ ಮುಗಿದ ಮೇಲೆ ನಾಯಕ ಡಂಗುರ ಹೊಡೆಸಿದ. ಊರಿನ ಹರೆಯದವರೆಲ್ಲ, ಗಂಡಾಗಲಿ ಹೆಣ್ಣಾಗಲಿ, ಹೊರಡಲು ಸಿದ್ಧರಾಗಬೇಕು. ಅವನ ರಾಜಧಾನಿಗೆ ಕಲ್ಲು ಹೊರಬೇಕು.

ಬುತ್ತಿಯವಳು ಮಗಳ ಕೈ ಹಿಡಿದುಕೊಂಡೇ ಚಾವಡಿಗೆ ನುಗ್ಗಿದಳು.

"ಏನ್ ಕಟ್ತೀರಿ ಅಲ್ಲಿ?"

"ಗೋಡೆ," ಎಂದ ನಾಯಕ. ಅವನ ಕಣ್ಣು ಹೊಳೆಯುತ್ತಿತ್ತು. "ಇಂಥ ಗೋಡೆಯನ್ನು ನಾವು ಎಲ್ಲೂ ಕಂಡಿರಲಿಲ್ಲ ತಾಯಿ. ನಮ್ಮ ಕೈಯಲ್ಲಿ ಒಂದು ಕಲ್ಲು ಅಲುಗಾಡಿಸಲು ಆಗಲಿಲ್ಲ. ನಮ್ಮ ಅರಸರಿಗೆ ಹೇಳಿಕಳಿಸಿದೆ. ನಮಗೂ ಒಂದು ಬೇಕು ಎಂದಿದ್ದಾರೆ."

"ನೀವು ಅದನ್ನ ಸುತ್ತ ಹಾಕಿ ಬಂದ್ರಿ! ಕೆಸರ ತುಳದು, ನಡಕೊಂತ ಬಂದ್ರಿ! ನೀವ ಬಂದೀರಿ, ನಿಮಗ ಗೊತ್ತಿಲ್ಲೇನು?"

"ಬಂದೆವು, ನಿಜ," ಎಂದ ನಾಯಕ ಗೌರವದಿಂದ. "ಆದರೆ ಒಡೆಯಲು ಆಗಲಿಲ್ಲವಲ್ಲ."

ಪಕ್ಕದಲ್ಲಿ ಕೂತ ಹಿರಿಯ ಮೀಸೆ ನೀವಿಕೊಂಡ. ಅವನ ಮುಖದಲ್ಲಿ ಹೆಮ್ಮೆಯಿತ್ತು.

ಬುತ್ತಿಯವಳಿಗೆ ಇಷ್ಟು ವರ್ಷ ಮಾತಾಡಿದ್ದು ಸಾಕಾಗಿತ್ತು. ಮಗಳಿಗೆ ಸೀರೆ ಗಟ್ಟಿ ಉಡಲು ಹೇಳಿದಳು. ಜೊಂಡು ಕೊಯ್ಯಲು ಹೋಗುವವರ ಹಾಗೆ ಇಬ್ಬರೂ ತೆಂಕಣಕ್ಕೆ ನಡೆದರು. ಯಾರೂ ತಡೆಯಲಿಲ್ಲ. ಜವುಗಿನ ಕಡೆ ವೈರಿಗಳೂ ಕಾವಲಿಟ್ಟಿರಲಿಲ್ಲ. ಅವರು ಹಾಸಿದ ಜೊಂಡು ಒಣಗಿ ಗಟ್ಟಿಯಾಗಿತ್ತು, ಕಾಲಿಗೆ ಕೆಸರು ಸಹ ತಾಗಲಿಲ್ಲ.

"ಎಲ್ಲಿಗಿ ಹೊಂಟೀವಿ ಅವ್ವಾ?" ಎಂದಳು ಮಗಳು.

"ನಿಮ್ಮಪ್ಪನ ಕಡೆ."

"ಅಪ್ಪ ಈ ಕಡೆ ಇಲ್ಲಲ್ಲ."

"ಅವರ ಮುಖ ಈ ಕಡೆ ಐತಿ."

ಜವುಗು ದಾಟಿ ಮೂಡಣಕ್ಕೆ ತಿರುಗಿದರು. ದಂಡು ಬಿಟ್ಟುಹೋದ ಒಲೆಗಳ ಬೂದಿ, ಮುರಿದ ಗೂಟಗಳು ಸಿಕ್ಕವು. ಅಲ್ಲಿ ನಿಂತು ನೋಡಿದರೆ ಮುಂದೆ ಬಯಲು, ಬಯಲಿನ ಕೊನೆಗೆ ಗೋಡೆ. ಈ ಕಡೆಯಿಂದ ಅದನ್ನು ಅವಳು ಎಂದೂ ಕಂಡಿರಲಿಲ್ಲ. ಊರೇ ಕಾಣಿಸುತ್ತಿರಲಿಲ್ಲ, ಹೊಗೆ ಸಹ ಕಾಣಿಸುತ್ತಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಮುಖಗಳು. ಅಷ್ಟು ದೂರಕ್ಕೆ ಅವು ಸುಮ್ಮನೆ ಕಪ್ಪು ಚುಕ್ಕೆಗಳು. ಮೂಡಣದಿಂದ ಬಂದವರ ಹೆಸರು ಕೇಳಬಾರದು.

"ನೀ ನನ್ನ ಹಿಂದ ಬಾ," ಎಂದಳು ಮಗಳಿಗೆ. ಮಗಳು ಹಿಂದೆ ಬರಲಿಲ್ಲ, ಪಕ್ಕದಲ್ಲಿ ಬಂದಳು.

ಬಾಣದ ಅಳತೆಯೊಳಗೆ ಕಾಲಿಟ್ಟದ್ದೇ ತಡ, ಗೋಡೆಯ ಮೇಲೆ ಬಿಲ್ಲುಗಳು ಎದ್ದವು. ಒಂದು ಬಾಣ ಸುಯ್ಯೆಂದು ಬಂದು ಅವಳ ಕಾಲಿನ ಮುಂದೆ ನಾಟಿತು. ಮಗಳು ಚೀರಿದಳು. ಬುತ್ತಿಯವಳಿಗೆ ಹೆದರಿಕೆಯಾದದ್ದು ಆ ಒಂದು ಕ್ಷಣ ಮಾತ್ರ. ಆಮೇಲೆ ಇಷ್ಟು ವರ್ಷದ ಸಿಟ್ಟೆಲ್ಲ ಬಾಯಿಗೆ ಬಂತು.

"ಯಾವಂವಾ ಅಂವ ಬಾಣ ಬಿಟ್ಟಾಂವ? ಎಡಕ್ಕ ನಿಂತಾಂವ, ನೀನ ಹೌದಲ್ಲೋ! ನಿನ್ನ ಹೇಣ್ತಿ ಬಾಣಂತನ ಮಾಡಿದಾಕಿ ನಾನು! ನಿನ್ನ ಮಗನಿಗಿ ಎಣ್ಣಿ ಹಚ್ಚಿ ಎರದಾಕಿ ನಾನು! ನನಗ ಬಾಣ ಬಿಡ್ತೀ? ಬಿಡು ಇನ್ನೊಂದ! ವೈರಿ ಬಂದು ನಿಮ್ಮ ಎಮ್ಮಿ ಹಿಂಡಿಕೊಂಡು ಕುಡ್ಯಾಕತ್ತಾನ, ಅಂವಗ ಬಿಡಲಿಲ್ಲ. ಹೆಣ್ಮಕ್ಕಳು ಕಂಡ್ರ ಬಿಡ್ತೀರಿ! ಬಿಡ್ರೆಲಾ!"

ಬೈಯುತ್ತಲೇ ನಡೆದಳು. ಅಕ್ಕಪಕ್ಕದ ತೆನೆಯವರಿಗೂ ಸಾಲಾಗಿ ಬೈದಳು, ಅವರವರ ಮನೆಯ ಸುದ್ದಿಯನ್ನೆಲ್ಲ ಸೇರಿಸಿ ಬೈದಳು. ಗೋಡೆಯ ಮೇಲೆ ಬಿಲ್ಲುಗಳು ಅಲುಗಾಡಿದವು. ಆ ದನಿಯನ್ನು ಅವರೆಲ್ಲ ಬಲ್ಲರು. ಆದರೆ ಅದು ಹಿಂದಿನಿಂದ ಬರಬೇಕಾದ ದನಿ. ಅದು ಮುಂದಿನಿಂದ ಬಂದರೆ ಏನು ಮಾಡಬೇಕೆಂದು ಕಟ್ಟಳೆ ಹೇಳಿರಲಿಲ್ಲ.

ಅವಳು ಗೋಡೆಯ ಬುಡಕ್ಕೆ ಬಂದು ಕತ್ತೆತ್ತಿದಳು. ಗಂಡ ಬಿಲ್ಲನ್ನು ಕಿವಿಯವರೆಗೆ ಎಳೆದು ಹಿಡಿದಿದ್ದ. ಬಾಣದ ಮೊನೆ ನೇರ ಅವಳ ಮೇಲಿತ್ತು. ಮೊನೆಯ ಹಿಂದೆ ಮುಖವಿತ್ತು.

ಬೈಗುಳವೆಲ್ಲ ಅವಳಿಗೆ ಮರೆತುಹೋಯಿತು. ಗಡ್ಡ ಬೆಳ್ಳಗಾಗಿತ್ತು. ದಿನಾ ಮುಂಜಾನೆಯ ಸೂರ್ಯನನ್ನು ನೋಡಿ ನೋಡಿ ಕಣ್ಣಿನ ಸುತ್ತ ಚರ್ಮ ಸುಟ್ಟು ನಿರಿಗೆಗಟ್ಟಿತ್ತು. ಮೂಗು ಒಂಚೂರು ಎಡಕ್ಕೆ ವಾಲಿತ್ತು. ಹೌದು, ಅದು ಹಾಗೇ ಇತ್ತು.

"ಇಷ್ಟ ಮುಪ್ಪಾದ್ರ್ಯಾ?" ಎಂದಳು.

ಅವನು ಅವಳನ್ನೇ ನೋಡುತ್ತಿದ್ದ. ನೆನಪಿನಲ್ಲಿದ್ದ ಹುಡುಗಿಯನ್ನು ಈ ನರೆತ ಹೆಂಗಸಿನಲ್ಲಿ ಹುಡುಕುತ್ತಿದ್ದ ಹಾಗಿತ್ತು.

"ನೀನೂ," ಎಂದ ಕೊನೆಗೆ.

ಮಗಳು ತಾಯಿಯ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದಳು. ಅವನು ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಬಾಣವನ್ನು ಬಿಲ್ಲಿನಿಂದ ತೆಗೆದು, ಮೆಲ್ಲಗೆ, ಮಲಗಿದ ಕೂಸನ್ನು ಇಳಿಸುವ ಹಾಗೆ, ಕಲ್ಲಿನ ಮೇಲಿಟ್ಟ.

"ನಾ ತಿರುಗಲಿಲ್ಲ," ಎಂದ, ಯಾರಿಗೋ ಸಾಕ್ಷಿ ಹೇಳುವವನಂತೆ.

"ನೀವು ತಿರುಗಲಿಲ್ರಿ. ನಾವ ಸುತ್ತ ತಿರುಗಿ ಬಂದ್ವಿ. ಈಗ ಇಳೀರಿ. ನಾಳೆ ಈಕಿನ್ನ ಕಲ್ಲ ಹೊರಾಕ ಒಯ್ತಾರ."

ಅವನು ತಲೆಯ ರುಮಾಲು ಬಿಚ್ಚಿ ತೆನೆಗೆ ಕಟ್ಟಿದ. ಅದು ಅರ್ಧಕ್ಕೂ ಬರಲಿಲ್ಲ. ಬಾಣ ಬಿಟ್ಟಿದ್ದ ಪಕ್ಕದವನು ಒಂದು ಮಾತೂ ಆಡದೆ ತನ್ನ ರುಮಾಲು ಬಿಚ್ಚಿ ಕೊಟ್ಟ. ಅವನ ಆಚೆಯವನೂ ಕೊಟ್ಟ. ಹಗ್ಗ ಹಿಡಿದು ಇಳಿಯುವವರು ಗೋಡೆಗೆ ಮುಖ ಮಾಡಿ ಇಳಿಯುತ್ತಾರೆ. ಅವನು ಹಾಗೆ ಇಳಿಯಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಬಯಲಿಗೆ ಮುಖ ಮಾಡಿ ಜಾರಿದ. ಕಲ್ಲಿನ ಅಂಚುಗಳು ಬೆನ್ನನ್ನು ಉದ್ದಕ್ಕೂ ಕೆತ್ತಿದವು. ಕೆಳಗೆ ಬಂದು ನಿಂತಾಗ ಅವಳಿಗೆ ಗೊತ್ತಿದ್ದ ಮಚ್ಚೆಗಳೆಲ್ಲ ರಕ್ತದಲ್ಲಿ ಮುಚ್ಚಿಹೋಗಿದ್ದವು. ಅವಳು ಸೆರಗಿನಿಂದ ಒರೆಸಹೋದಳು. ಅವನು ಅವಳ ಕೈ ಹಿಡಿದು ತನ್ನ ಮುಂದಕ್ಕೆ ತಂದು ನಿಲ್ಲಿಸಿಕೊಂಡ.

ಮೂವರೂ ಬಯಲು ದಾಟಿ ಹೋದರು. ಮರುದಿನ ಹರೆಯದವರನ್ನು ಸಾಲು ಕಟ್ಟಿ ಒಯ್ದರು ಎಂದು ಆಮೇಲೆ ಕೇಳಿಬಂತು. ಅವರನ್ನು ಒಯ್ದ ಮೇಲೆ ಉಳಿದ ಬುತ್ತಿಯವರೂ ಜವುಗು ಬಳಸಿ ಬಯಲಿಗೆ ಬಂದು, ಮುಂದಿನಿಂದ ಕೂಗಿದರಂತೆ. ಕಾವಲಿನವರಲ್ಲಿ ಕೆಲವರು ಇಳಿದರು. ಕೆಲವರು ಬಾಣ ಬಿಟ್ಟರು. ಕೆಲವರು ಈಗಲೂ ಅಲ್ಲೇ ನಿಂತಿದ್ದಾರೆ. ಅವನು ಬಿಟ್ಟುಬಂದ ತೆನೆ ಖಾಲಿಯಾಗೇ ಇದೆ, ಅದನ್ನು ದಾಟಿ ಈವರೆಗೆ ಯಾರೂ ಬಂದಿಲ್ಲ.

ಅವರು ಬಹಳ ದೂರದ ಒಂದು ಹಟ್ಟಿಯಲ್ಲಿ ನೆಲೆ ನಿಂತರು. ಮೊದಮೊದಲು ಅವನಿಗೆ ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ಎದುರಿಗೆ ಗೋಡೆ ಕಂಡರೆ ಬೆವರುತ್ತಿದ್ದ. ಉಣ್ಣುವಾಗ ಎದುರಿಗೆ ಕೂತ ಹೆಂಡತಿಯನ್ನು ಕಂಡು ನಾಚಿ ತಲೆ ತಗ್ಗಿಸುತ್ತಿದ್ದ. ಅವಳೂ ಎದುರಿಗಿದ್ದವನೊಂದಿಗೆ ಮಾತಾಡಲು ಹೊಸದಾಗಿ ಕಲಿಯಬೇಕಾಯಿತು. ಬೆನ್ನಿಗೆ ಏನು ಬೇಕಾದರೂ ಹೇಳಬಹುದಿತ್ತು, ಮುಖ ಕೇಳಿಸಿ­ಕೊಂಡದ್ದನ್ನೆಲ್ಲ ತೋರಿಸುತ್ತಿತ್ತು. ಮಗಳು ಅಪ್ಪನಿಗೆ ಎಮ್ಮೆ ಹಿಂಡುವುದು ಕಲಿಸಿದಳು. ಕಾಲ ಸರಿದಂತೆ ಎಲ್ಲ ರೂಢಿಯಾಯಿತು.

ಒಂದು ಮಧ್ಯಾಹ್ನ ಹಟ್ಟಿಯ ನಾಲ್ಕು ಮಂದಿ ಹಿರಿಯರು ಬಂದು ಅಂಗಳದಲ್ಲಿ ಕೂತರು. ಬಡಗಣದ ಕಡೆ ದಂಡೊಂದು ಓಡಾಡುತ್ತಿದೆ ಎಂಬ ಸುದ್ದಿ ಹಬ್ಬಿತ್ತು.

"ಅಣ್ಣಾರ, ನೀವು ಆ ದೊಡ್ಡ ಗೋಡಿ ಮ್ಯಾಲ ನಿಂತಾವರಂತ. ಅದನ್ನ ಯಾರೂ ಒಡೀಲಿಲ್ಲಂತ. ನಾವೂ ಬಡಗಣಕ್ಕ ಒಂದ ಕಟ್ಟಬೇಕಂತ ಮಾಡೀವಿ. ನಿಮ್ಮನ್ನ ಕೇಳಿ ಹೋಗೂಣು ಅಂತ ಬಂದೀವ್ರಿ."

ಒಲೆಯ ಮುಂದೆ ಕೂತಿದ್ದ ಬುತ್ತಿಯವಳ ಕೈ ನಿಂತಿತು. ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಅವನು ಗಡ್ಡ ಸವರಿಕೊಂಡ. ಇಷ್ಟು ವರ್ಷ ಸಾಲದಾಗಿ ಮತ್ತೆ ಶುರುವಾಯಿತಲ್ಲ ದೇವರೇ ಎಂದು ಅವಳು ಹಲ್ಲು ಕಚ್ಚಿದಳು.

"ಕಟ್ರಿ," ಎಂದ ಅವನು. "ಗೋಡಿ ಕೆಟ್ಟದಲ್ಲ. ಬರಾವರನ್ನ ಒಂದೀಟ ತಡಸ್ತೈತಿ, ಅಷ್ಟ ಅದರ ಕೆಲಸ. ಆ ತಡದ್ಯಾಗ ನೀವು ಏನ್ ಮಾಡ್ತೀರಿ, ಅದು ನಿಮ್ಮ ಕೆಲಸ. ಮ್ಯಾಲ ನಿಂತಾವರಿಗಿ ಇಳ್ಯಾಕ ಬಿಡ್ರಿ, ನಾಕೂ ದಿಕ್ಕ ನೋಡಾಕ ಬಿಡ್ರಿ. ಮನ್ಯಾವರು ಬಂದು ಏನರ ಹೇಳಿದ್ರ ಕೇಳ್ರಿ. ಕೇಳಾವರಿಲ್ಲದ ಗೋಡಿ ಎಷ್ಟ ಗಟ್ಟಿ ಇದ್ರೂ ಅಷ್ಟ."

ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಬಂದವರು ನಿಧಾನವಾಗಿ ತಲೆದೂಗಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯನಾದವನು ಗಂಟಲು ಸರಿಪಡಿಸಿಕೊಂಡ.

"ಅದೆಲ್ಲಾ ಖರೆ ಐತ್ರಿ ಅಣ್ಣಾರ. ಭಾಳ ಚಲೋ ಮಾತ ಹೇಳಿದ್ರಿ," ಎಂದ. "ಎತ್ತರ ಎಷ್ಟಿರಬೇಕು, ಅದೊಂದ ಹೇಳಿಬಿಡ್ರಿ."

ಕಾವಲಿನವನು ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ನೋಡಿದ. ಅವನ ಹುಬ್ಬು ಮೇಲೆ ಹೋಗಿತ್ತು, ಕೆನ್ನೆ ಬಿಗಿದಿತ್ತು, ಒಂದು ಕೈ ತಾನಾಗೇ ಎದ್ದು ಹಣೆಯ ಹತ್ತಿರ ಬಂದು ನಿಂತಿತ್ತು. ಚಾವಡಿಯ ಮುಂದೆ ನಿಂತಾಗ, ಮೆಟ್ಟಿಲಿಳಿಯುವಾಗ, ತನ್ನ ಮುಖ ಹೇಗಿರುತ್ತಿತ್ತು ಎಂದು ಅವಳಿಗೆ ಈಗ ಗೊತ್ತಾಯಿತು. ಇಷ್ಟು ವರ್ಷ ಒಬ್ಬಳೇ ಹೊತ್ತದ್ದನ್ನು ಇನ್ನೊಬ್ಬರ ಮುಖದ ಮೇಲೆ ಅವಳು ಎಂದೂ ಕಂಡಿರಲಿಲ್ಲ.

ಅವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಬಂದವರು ಗಾಬರಿಯಾಗಿ ನೋಡುತ್ತಿದ್ದಂತೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.